ಅಕಿ ಕರೆದ ಹೆಸರು

ವಿಡಿಯೋ ಮತ್ತ ಅಲ್ಲೇ ಯಾಕ ನಿಲ್ಲಸ್ತಿ, ಶ್ರುತಿ? ಮುಂದ ಹೋಗಲಿ ಬಿಡು. ಖರೇ ಮಾತು ಮುಂದ ಅದ. ಕೇಳು... ‘ಕಲ್ಲು ಕೊಯ್ಯೋ ಮಷಿನ್‌ಗೆ ನೀರು ಬಿಡಂಗಿಲ್ಲ, ಧೂಳೆಲ್ಲ ಎದಿಯಾಗ ಕುಂತದ.’ ಕೇಳಿದಿಲ್ಲ? ಅಕೀ ದನೀನೇ ಅದು. ನನ್ನ ಹೆಂಡ್ತಿ ತುಳಜಾಬಾಯಿದು. ನೀ ನಮ್ಮ ಓಣಿಯಾಗೇ ಬೆಳದಾಕಿ. ನಿನಗ ಗೊತ್ತಾಗಂಗಿಲ್ಲೇನು?

ಚಹಾ ಕುಡಿ. ಸಕ್ರಿ ಹೆಚ್ಚಾಗ್ಯದ... ಅಕಿ ಇದ್ದಾಗ ನಾ ಒಲಿ ಮುಂದ ಕುಂತಾಂವಲ್ಲ.

ಯಾವಾಗ ತೆಗದಿದ್ದಂತಿಯಾ? ದವಾಖಾನ್ಯಾಗ. ಸಾಯೋ ಹಿಂದಿನ ವಾರ. ಯಾರು ತೆಗದ್ರಂದ್ರ... ನಾನೇ. ಯಾಕ ನಗ್ತಿ? ಸಾಲಿ ಕಲಿಲಿಲ್ಲಂದ್ರ ಫೋನ್ ಒತ್ತಲಿಕ್ಕ ಬರಂಗಿಲ್ಲೇನು?

ಕಾರ್ಖಾನಿ ಮಾಲಕ ಏನಂತಾನ, ಕೇಳಿದಿ. ಕಂಪ್ಯೂಟರ್ ಮಾಡಿದ್ದಂತ. ಎಐ ಅಂತ. ಈಗ ಎಲ್ಲಾದಕ್ಕೂ ಅದೊಂದು ಮಾತು ಸಿಕ್ಕದ ಅವರಿಗೆ. ನಮ್ಮಪ್ಪ ಇದ್ದಾಗ ಪೇಪರ್‌ನ್ಯಾಗ ಬಂತಂದ್ರ ಮುಗೀತು, ಖರೇ. ಈಗ ಮಂದಿ ನಿನ್ನ ಮೊಬೈಲ್ ಚಾನೆಲ್ ನೋಡ್ತಾರ. ಸೇಡಂ, ಚಿತ್ತಾಪುರದಾಗೂ ನೋಡ್ತಾರ. ನೀ ಒಂದ್ಸಲ ಖರೇ ಅಂದ್ರ ಸಾಕು. ಅಕಿ ಜಾಗಾದಾಗ ಈಗ ಅಕಿ ತಂಗಿ ಸುಮಂಗಲಾ ನಿಂತಾಳ, ಅದೇ ಮಷಿನ್ ಮುಂದ. ಅಕಿಗೂ ಕೆಮ್ಮು ಹತ್ಯದ.

ಮತ್ತ ಹಿಂದಕ್ಕ ಒಯ್ದಿ.

‘ಲಾಲಪ್ಪ, ನನ್ನ ಮಾತು ನಾಕು ಮಂದಿಗೆ ಮುಟ್ಟಸು.’ ಹ್ಞಾಂ. ಅಷ್ಟೇ. ಏನದ ಅದರಾಗ? ಲಾಲಪ್ಪ ನನ್ನ ಹೆಸರಲ್ಲೇನು?

ನಿಮ್ಮವ್ವನ ಮಾತು ಯಾಕ ತಗೀತಿ ಈಗ?

...ಗೊತ್ತದ. ನಿಮ್ಮವ್ವ ನಿಮ್ಮಪ್ಪಗ ಹೆಸರು ಹಿಡದು ಕರಿಯಂಗಿಲ್ಲ. ಅಕೀನೂ ಕರೀತಿದ್ದಿಲ್ಲ. ‘ಮೈತ್ರಿ ಅಪ್ಪ’ ಅಂತಿದ್ಳು. ದವಾಖಾನ್ಯಾಗ ಸಿಸ್ಟರ್ ಗಂಡನ ಹೆಸರು ಕೇಳಿದ್ರ, ಉಸಿರು ಸಿಗಲಾರ್ದಾಗೂ ಸೆರಗು ಬಾಯಿಗೆ ಹಿಡದು ನನ್ನ ಕಡಿ ಬಟ್ಟು ತೋರಿಸಿದ್ಳು.

ಈ ವಿಡಿಯೋ ವಾಡಿ ಊರಾಗ ಮಾಡಿಸ್ದೆ. ಚಾಂದನ ಮೊಬೈಲ್ ಅಂಗಡ್ಯಾಗ. ಮಗಳಿಗೆ ಕಳಿಸಿದ ಅಕಿ ವಾಯ್ಸ್ ಮೆಸೇಜ್ ಇದ್ವು. ಒಂದು ಫೋಟೊ ಇತ್ತು. ಆದ್ರ ಮಾತು ಅಕೀವೇ, ಶ್ರುತಿ. ನನ್ನ ಮುಂದ ಅಂದಿದ್ಳು. ಆವಾಗ ಫೋನ್ ತೆಗೀಬೇಕಂತ ನನಗ ಹೊಳೀಲಿಲ್ಲ... ಮಾರಿ ನೋಡಕೋತ ಕುಂತಿದ್ದೆ.

ಮಾಲಕ ಬರೇ ಸುಳ್ಳು ಹೇಳಾಂವ. ಇದೊಂದು ಅಂವ ಖರೇ ಹೇಳ್ದಂಗಾಯ್ತು.

‘ಲಾಲಪ್ಪ’ ಅನ್ನೋದು ಚಾಂದ್ ತಾನೇ ಸೇರಿಸಿದ್ದ. ತೆಗಿ ಅನ್ನಬೇಕಿತ್ತು ನಾ. ಬಾಯಿ ಬರಲಿಲ್ಲ. ಅಕಿ ದನಿಯಾಗ ನನ್ನ ಹೆಸರು... ಇಷ್ಟು ವರ್ಷ ಒಮ್ಮಿನೂ ಕೇಳಿದ್ದಿಲ್ಲ.

ಹೊಂಟಿಯೇನು?

ಸುಮಂಗಲಾ ನಾಳಿಗೂ ಹೋಗ್ತಾಳ ಕೆಲಸಕ್ಕ. ಒಳಗದಾಳ ನೋಡು, ಅಕೀನೇ ಕೆಮ್ಮಲಿಕತ್ತಾಳ. ಇದನ್ನರೆ ನಂಬ್ತಿಯೇನು, ಶ್ರುತಿ?