ಅಕ್ಷರದ ಕೆಳಗೆ

ಅಲ್ಲ. ಕೆಳಗ ಬ್ಯಾಡ. ನಡುವ ಬೇಕು ಅಂದೆ. ನಟ್ಟನಡುವ.

ಯಾಕ ನಗ್ತಿ? ಮಾವ ಈ ವಯಸ್ಸಿನಾಗ ಕಂಪ್ಯೂಟರ್ ಕಲಿಸಾಕ ಬಂದಾನ ಅಂತ ನಗ್ತಿ. ನಗು. ಕೈ ಮಾತ್ರ ನಿಲ್ಲಿಸಬ್ಯಾಡ. ನಾಲ್ಕು ಗಂಟೆಗೆ ಚೆನ್ನೈ ಕಂಪನಿಯವರು ಈ ಪೇಜ್ ತೆಗೆದು ನೋಡ್ತಾರ. ಪಾಲಪ್ಪ ಹೇಳ್ಯಾನ. ಹಿಡಿಸಿದ್ರ ಇವತ್ತ ಮಾತು ಮುಗೀತದ. ಇಲ್ಲಂದ್ರ ಬ್ಯಾರೆ ಹೊಲ ನೋಡ್ತಾರ.

ಯಾವ ಪಾಲಪ್ಪ ಅಂದ್ರ... ದಲ್ಲಾಳಿ ಪಾಲಪ್ಪ. ಅದಿರು ಸುರಿಯಾಕ ಕಂಪನಿಯವರಿಗೆ ಹೊಲ ಹುಡುಕಿ ಕೊಡ್ತಾನಲ್ಲ, ಅವನ. ಚಿತ್ರ ತೆಗೆದವನೂ ಅವನ. ಕಾಲುವೆ ಏರಿ ಮ್ಯಾಲ ನಿಂತು ತೆಗದಾನ.

ಹೊಲ ಯಾರ್ದು? ಎಷ್ಟು ಸಲ ಕೇಳ್ತಿ. ಎರ್ರಿಯಪ್ಪಂದು. ಕಂಪ್ಲಿ ಎರ್ರಿಯಪ್ಪ. ನಿಂಗ ಗೊತ್ತಿಲ್ಲ. ಅವನಿಗೆ ಮೊಣಕಾಲು ಬ್ಯಾನಿ, ಓಡಾಡಾಕ ಆಗವಲ್ದು. ನಮ್ಮ ಶೈಲಶ್ರೀ ಹೊಸಪೇಟ್ಯಾಗ ಇಂಟರ್‌ನೆಟ್ ಪೇಜ್ ಮಾಡ್ತಾಳ ಅಂತ ನಾನ ಬಾಯಿ ಬಿಟ್ಟೆ. ನನ್ನ ಕೊರಳಿಗೆ ಬಿತ್ತು.

ನಿಮ್ಮ ಓಬಳೇಶ ಎಲ್ಲಿ? ಊಟಕ್ಕ ಹೋದ್ನಾ. ಚಲೋ ಆತು. ಅಂಗಡಿ ಮಾಲೀಕ ಹಿಂದ ನಿಂತ್ರ ನಂಗ ಮಾತು ಬರಂಗಿಲ್ಲ. ಅವ ಬರೋದ್ರಾಗ ಮುಗಿಸು.

ಈಗ ಬಂತು ನೋಡು. ಎಡಕ್ಕೂ ಬಲಕ್ಕೂ ಸಮ ಆತು. ಮ್ಯಾಲ ಕೆಳಗ?

ಬರಂಗಿಲ್ಲ ಅಂದ್ರ ಹೆಂಗ? ಅಡ್ಡಕ್ಕ ಬಂದದ್ದು ಉದ್ದಕ್ಕ ಯಾಕ ಬರಂಗಿಲ್ಲ?

ಹಾಂ. ಹಾಂ. ಅರ್ಧಕ್ಕ ನಿಲ್ಲು ಅಂದ್ರ ಅಕ್ಷರದ ತಲಿ ಅರ್ಧಕ್ಕ ಬಂದು ನಿಲ್ತದ, ಹೊಟ್ಟಿ ಕೆಳಗ ಇಳೀತದ. ತಿಳೀತು. ಹಂಗಾದ್ರ ಅಕ್ಷರ ಎಷ್ಟು ಎತ್ತರ ಐತೋ ಅದರಾಗ ಅರ್ಧ ಮ್ಯಾಲ ಎಳಿ. ಅಷ್ಟ ಅಲ್ಲ?

ಅಷ್ಟ ಅಂತಿ. ಮತ್ತ್ಯಾಕ ತಡ.

ಇಲ್ಲ. ಮೂಲಿಗೆ ಬ್ಯಾಡ. ಆಕಾಶ ಖಾಲಿ ಐತಿ ಅಂತ ಅಲ್ಲಿ ಬರೀತಾರೇನು? ಖಾಲಿ ಇದ್ದಲ್ಲಿ ಬರದ್ರ ಚಂದ ಅಂತಿ. ನಿಂಗ ಚಂದ ಬೇಕು. ನಂಗ ಚಂದ ಬ್ಯಾಡ, ನಡುವ ಬೇಕು. "ಅದಿರು ದಾಸ್ತಾನಿಗೆ ಜಾಗ ಬಾಡಿಗೆಗೆ ಇದೆ." ಇಂಗ್ಲಿಷಿನಾಗೂ ಹಾಕು. ಎರಡು ಸಾಲು. ಎರಡೂ ನಡುವ.

ನಡುವ ಇರೋ ಆ ಬಿಳಿ ಚುಕ್ಕಿ ಏನು ಅಂತಿಯಾ?

ಪಂಪ್ ಮನಿ.

ಪಂಪ್ ಮನಿ ಇದ್ರ ಚಲೋ ಅಲ್ಲ, ತೋರಸ್ರಿ ಅಂತಿಯಾ? ಅವರು ನೀರು ಕುಡಿಯಾಕ ಬರ್ತಾರೇನು? ಕೆಡವೋದು ನಮ್ಮ ಖರ್ಚು ಅಂತ ತಕರಾರು ತೆಗೀತಾರ. ಅದಕ್ಕ ಮುಚ್ಚು ಅನ್ನೋದು. ದಲ್ಲಾಳಿ ಬುದ್ಧಿ, ನಂದಲ್ಲ.

ಬ್ಯಾರೆ ಫೋಟೋ ತೆಗಿಸ್ರಿ ಅಂತಿ. ಟೈಮ್ ಎಲ್ಲೈತಿ? ಇದ ಆಗಬೇಕು. ಬ್ಯಾರೆ ಮಾತು ಬ್ಯಾಡ.

ಇದೇನ್ ಮಾಡ್ದಿ? ಅಕ್ಷರದ ಒಳಗ ಹೊಲ ಕಾಣ್ತದ. ಗಾಜಿನಾಗ ಬರದಂಗ. ಹಿಂಗ ಹಾಯ್ದು ಕಾಣೋದು ಈಗ ಫ್ಯಾಶನ್ ಐತೇನು? ಇರ್ಲಿ. ನಮಗ ಬ್ಯಾಡ. ಗಟ್ಟಿ ಬಣ್ಣ ಹಾಕು. ಹಿಂದ ಒಂದು ಕರೀ ಪಟ್ಟಿ ಎಳಿ. ಅಗಲಕ್ಕ. ಇನ್ನೂ ಅಗಲ. ಅಕ್ಷರ ಎಷ್ಟು ದಪ್ಪ ಹಾಕಿದ್ರೂ ಕೆಳಗ ಚಿತ್ರ ಹಂಗ ಇರ್ತದ ಅಂತಿ; ಇರ್ಲಿ, ಕಾಣದಿದ್ರ ಸಾಕು.

ಲಾರಿ ಹಿಂದಿನ ಬೋರ್ಡ್ ಆದಂಗ ಆತು ಅಂತಿ. ಆಗಲಿ. ಲಾರಿಯವರ ನೋಡೋದು.

ಚಹಾ ಬ್ಯಾಡ. ನೀರು ಸಾಕು.

ಐಶು... ಮಲಗ್ಯಾಳ. ನಾ ಹೊರಡೋ ಮುಂದ ಮಲಗಿದ್ಳು. ನಿಮ್ಮತ್ತಿ ಹತ್ರ ಐತಿ ಕೂಸು. ರಾತ್ರಿ ಕೆಮ್ಮಿದ್ದು ನೀನೂ ಕೇಳೀದಿ, ನಾನೇನ್ ಹೇಳ್ಲಿ. ಮುಂಜಾನೆ ಮೂಗು ಒರಸಿದೆ. ಟವಲ್ ಕೆಂಪಾತು. ರಕ್ತ ಅಲ್ಲ, ಹೆದರಬ್ಯಾಡ. ಧೂಳು. ರಕ್ತ ಅಲ್ಲ ಅಂತ ನಿಮ್ಮತ್ತಿಗೂ ಅದನ್ನ ಹೇಳಿದೆ. ಆಕಿ ಟವಲ್ ತೊಳೀಲಿಲ್ಲ. ಹಿಡಕೊಂಡು ಕುಂತ್ಳು.

ಡಾಕ್ಟರ್ ಏನಂದ್ರು ಆವತ್ತು? ಔಷಧ ಬರೀತೀನಿ, ಆದ್ರ ಮೊದಲು ಆ ಅದಿರು ಲಾರಿ ರಸ್ತೆ ಮನಿ ಬಿಡ್ರಿ ಅಂದ್ರು. ಅಂದ್ರಲ್ಲ? ನೀನೂ ಇದ್ದಿ. ರಸ್ತೆ ಬಿಡೋದು ಅಂದ್ರ ಅಂಗಿ ಬಿಚ್ಚಿದಂಗ ಅಂತ ತಿಳದಾರ.

ಕಂಪ್ಲ್ಯಾಗ ಒಂದು ಮನಿ ನೋಡೇನಿ. ಸಣ್ಣದು. ಸುತ್ತ ನೆಲ್ಲು ಗದ್ದಿ. ಕಣ್ಣು ಹಾಯಿಸಿದಷ್ಟೂ ಹಸರು. ಹೊಳಿ ಗಾಳಿ ಬರ್ತದ. ಅಲ್ಲಿ ಕೂಸು ಕೆಮ್ಮಂಗಿಲ್ಲ.

ಹೇಳಾಕ ಮರತಿದ್ದೆ. ಈಗ ಹೇಳೇನಲ್ಲ.

ಅದಿರು ಹಿಂಗ ಎಷ್ಟು ದಿನ ಓಡ್ತದೋ. ಚೀನಾದಾಗ ಬರೋ ವರ್ಷ ಏನೋ ದೊಡ್ಡ ಆಟ ನಡಸ್ತಾರಂತ. ಅದಕ್ಕ ಕಬ್ಬಿಣ ಬೇಕಂತ. ಅವರು ಓಡಿ ಜಿಗಿಯಾಕ ನಮ್ಮ ಸಂಡೂರು ಗುಡ್ಡ ಕರಗ್ತದ. ಯಾರಿಗೆ ಹೇಳ್ತಿ.

ಆತಾ? ತೋರ್ಸು.

ಹಾಂ. ಬಂತು. ಕರೀ ಪಟ್ಟಿ, ಮ್ಯಾಲ ಬಿಳಿ ಅಕ್ಷರ. ಏನೂ ಕಾಣವಲ್ದು. ಶಾಣ್ಯಾಕಿ ಇದ್ದಿ. ಕಳಿಸಿ ಬಿಡು.

ಇನ್ನೇನು ನೋಡಬೇಕು? ಆ ದೊಡ್ಡ ಕಂಪ್ಯೂಟರ್ ಯಾಕ? ಇದರಾಗ ಬಂತಲ್ಲ. ಅವರ ಪರದೆ ಎಷ್ಟು ದೊಡ್ಡದಿರ್ತದೋ ಗೊತ್ತಿಲ್ಲ ಅಂತಿ. ಎಷ್ಟಿದ್ರೇನು, ನಡುವ ಅಂದ್ರ ನಡುವ. ಬ್ಯಾಡ ಬಿಡು. ಓಬಳೇಶ ತನ್ನ ಕಂಪ್ಯೂಟರ್ ಮುಟ್ಟಿದ್ದಕ್ಕ ಬೈದ್ರ? ಶೈಲಾ, ಬ್ಯಾಡ ಅಂದೆ.

ತೆಗದ ಬಿಟ್ಟಿ.

ಹಿಂಗ್ಯಾಕ ಆತು? ಚಿತ್ರ ಹಿಗ್ಗಿತು, ಅಕ್ಷರ ಇದ್ದಷ್ಟ ಉಳೀತು. ಮ್ಯಾಲಿನ ಮೂಲ್ಯಾಗ ಹೋಗಿ ನಿಂತ್ವು. ಪಟ್ಟಿ ಹಾಕೋ ಮುಂದ ಅರ್ಧ ಅನ್ನೋದು ತೆಗದು ಸಣ್ಣ ಪರದೆ ಅಳತಿ ಕೊಟ್ಟಿದ್ದಿ, ಅದಕ್ಕ. ಹೌದೌದು, ಅರ್ಧ ಅಂತ ಕೊಡಬೇಕಿತ್ತು, ಅಳತಿ ಕೊಡಬಾರ್ದಿತ್ತು. ತಿದ್ದು. ಮೊದಲು ಅದನ್ನ ಮುಚ್ಚು, ಆಮ್ಯಾಲ ತಿದ್ದು.

ಶೈಲಾ. ಮುಚ್ಚು ಅಂದೆ.

ಬೆರಳಿಟ್ಟು ಏನ್ ತೋರಸ್ತಿ?

ಪಂಪ್ ಮನೀನ ಅದು. ಬಾಗಿಲು ಆ ಕಡಿ ಐತಿ. ಮ್ಯಾಲೆ ಇರೋದು... ನೀರಿನ ಟಾಕಿ. ಸಣ್ಣ ಟಾಕಿ. ಪತ್ರಿ ಗಿಡ ಎಲ್ಲಾರ ಹೊಲದಾಗೂ ಇರ್ತದ. ಎರ್ರಿಯಪ್ಪನೂ ನಮ್ಮಂಗ ಶಿವಭಕ್ತ. ಅವನ ಹೊಲದಾಗ ಪತ್ರಿ ಗಿಡ ಬೆಳೀಬಾರ್ದೇನು?

ಹತ್ರ ಹೋಗಿ ಏನ್ ನೋಡ್ತಿ.

ಕುಂದ್ರು. ಶೈಲಾ, ಕುಂದ್ರು ಯವ್ವಾ.

ಎರ್ರಿಯಪ್ಪ ಇಲ್ಲ. ಇದ್ದಾನ, ಆದ್ರ ಹೊಲ ಅವಂದಲ್ಲ. ನೀ ಯಾವಾಗ್ಲೂ ರಸ್ತೆ ಕಡಿಯಿಂದ ಹೋಗ್ತಿ. ಕಾಲುವೆ ಏರಿ ಕಡಿಯಿಂದ ನಮ್ಮ ಹೊಲ ನೀ ನೋಡಿಲ್ಲ. ಗುರ್ತು ಹಿಡಿಯಂಗಿಲ್ಲ ಅಂತ ತಿಳದಿದ್ದೆ.

ಹೌದು. ಹಾಲೇಶನ ಗೋರಿ.

ನಿಂಗ ಹೇಳಿದ್ರ ನೀ ಒಪ್ತಿದ್ದಿಲ್ಲ. ಅದಕ್ಕ ಹೇಳ್ಲಿಲ್ಲ. ಪ್ರತಿ ಸೋಮವಾರ ಅಲ್ಲಿ ಹೋಗಿ ಪತ್ರಿ ಇಟ್ಟು ಕುಂದ್ರಾಕಿ ನೀನು. ಹೆಂಗ ಹೇಳ್ಲಿ? ಕಂಪನಿಯವರು ಮೊದಲ ಕೇಳ್ಯಾರ, ಹೊಲದಾಗ ಗುಡಿ ಗೋರಿ ಇದ್ರ ನಮಗ ಬ್ಯಾಡ, ಮುಂದ ಮನಿಯವರು ಬಂದು ಗದ್ದಲ ಮಾಡ್ತಾರ ಅಂತ. ಪಾಲಪ್ಪ ನನ್ನ ಮುಖ ನೋಡ್ದ. ಇಲ್ಲ ಅಂದೆ ನಾನು. ನನ್ನ ಬಾಯಿಂದ, ನನ್ನ ಮಗನ ಗೋರಿ ಇಲ್ಲ ಅಂದೆ.

ಏನ್ ಮಾಡ್ಲಿ? ಹೊಲದ ಆ ಕಡಿ ಅದಿರು ರಾಶಿ, ಈ ಕಡಿ ಅದಿರು ರಾಶಿ. ಹೋದ ಮಳಿಗೆ ಬದುವು ಒಡದು ಕೆಂಪು ರಾಡಿ ಅವನ ಮ್ಯಾಲ ಹರೀತು. ತೊಳದೆ. ಸುಣ್ಣ ಹಚ್ಚಿದೆ. ವಾರ ಆಗೂದ್ರಾಗ ಮತ್ತ ಕೆಂಪು. ಅವನ ಗಾಡಿಗೆ ಗುದ್ದಿದ್ದೂ ಅದಿರಿನ ಲಾರಿ. ಸತ್ತ ಮ್ಯಾಲೂ ಅವನ್ನ ಬಿಡವಲ್ದು. ಆತು. ಅವನಿಗೆ ಆಗೂದು ಆಗಿ ಹೋತು. ಅವನ ಕೂಸಿಗೆ ಆಗಬಾರ್ದು ನೋಡು. ಹೊಲದ ಬಾಡಿಗಿ ಬಂದ್ರ ಕಂಪ್ಲಿ ಮನಿಗೆ ಹೋಗಬಹುದು.

ಬೈಯಿ. ನಾ ಬೈಸಿಕೊಳ್ಳಾಕ ತಯಾರ ಇದೀನಿ. ಹಂಗ ಪರದೆ ನೋಡಬ್ಯಾಡ.

ನಿಮ್ಮತ್ತಿ ಒಪ್ಪ್ಯಾಳ.

ಒಪ್ಪ್ಯಾಳ ಅಂದೆನಲ್ಲ.

...ಹೇಳಿಲ್ಲ ಆಕಿಗೆ.

ನೋಡು, ಅವನ್ನ ಯಾರೂ ಮುಟ್ಟಂಗಿಲ್ಲ. ಕೀಳಂಗಿಲ್ಲ, ಅಗಿಯಂಗಿಲ್ಲ. ಮ್ಯಾಲ ಅದಿರು ಬೀಳ್ತದ, ಅಷ್ಟ. ಅಕ್ಷರ ಎಷ್ಟು ದಪ್ಪ ಹಾಕಿದ್ರೂ ಕೆಳಗ ಚಿತ್ರ ಹಂಗ ಇರ್ತದ ಅಂತ ನೀನ ಆಗ ಹೇಳಿದಿ. ಹಂಗ. ಅವ ಕೆಳಗ ಇರ್ತಾನ. ಒಂದು ದಿನ ಈ ಅದಿರಿನ ಹುಚ್ಚು ಇಳೀತದ. ರಾಶಿ ಎತ್ತಿಕೊಂಡು ಹೋಗ್ತಾರ. ಆವಾಗ ಮತ್ತ ಕಟ್ಟೋಣು. ಐಶು ದೊಡ್ಡಾಕಿ ಆಗಿರ್ತಾಳ, ಆಕೀನ ಕಟ್ಟಸ್ತಾಳ.



ಬರೋ ಸೋಮವಾರ ಮಾತ್ರ ಹೋಗಬ್ಯಾಡ. ಕಾಲುವೆ ನೀರು ಬಂದು ದಾರಿ ರಾಡಿ ಆಗೈತಿ. ಮುಂದಿನ ವಾರ ನಾನ ಕರಕೊಂಡು ಹೋಗ್ತೀನಿ.

ಯಾಕ ಹಂಗ ನೋಡ್ತಿ? ರಾಡಿ ಆಗೈತಿ ಅಂದೆ.

ನನ್ನ ಕೈ ಯಾಕ ನೋಡ್ತಿ.

ಸುಣ್ಣ. ಉಗುರಾಗ ಹೊಕ್ಕೈತಿ. ಬಸ್ ಸ್ಟ್ಯಾಂಡ್ ನಳದಾಗ ತೊಳದೆ, ಹೋಗವಲ್ದು.

ಮಾತಾಡು ಶೈಲಾ. ನೀ ಹಿಂಗ ಸುಮ್ಮನ ಕುಂತ್ರ ನಾ ಎಲ್ಲಾ ಹೇಳಬೇಕಾಗ್ತದ.

ಇವತ್ತು ಮಾತು ಮುಗದ್ರ ನಾಳೆ ಮುಂಜಾನೆ ಅವರು ಹೊಲಕ್ಕ ಬರ್ತಾರ. ಕಣ್ಣಾರೆ ನೋಡಾಕ. ಅಲ್ಲಿ ಏನೂ ಇರಬಾರ್ದು. ಆಳು ಕಳಸ್ತೀನಿ ಅಂದ ಪಾಲಪ್ಪ. ಬ್ಯಾರೆಯವರ ಹಾರಿ ಗುದ್ದಲಿ ಅವನ ಮ್ಯಾಲ ಬೀಳೋದು ಬ್ಯಾಡ ಅಂದೆ. ಇವತ್ತು ಹೊತ್ತು ಮೂಡೋ ಮುಂದ ನಾನ ಹೋದೆ. ಒಬ್ಬನ.

ಮ್ಯಾಲಿನ ಕಟ್ಟೆ ಅಷ್ಟ ತೆಗದೇನಿ. ಕೆಳಗ ಮುಟ್ಟಿಲ್ಲ. ನಿನ್ನಾಣೆ, ಮುಟ್ಟಿಲ್ಲ. ಲಿಂಗದ ಕಲ್ಲು ಕಾಲುವ್ಯಾಗ ಬಿಟ್ಟೆ. ಪತ್ರಿ ಗಿಡ ಕಡಿಯಾಕ ಕೈ ಬರ್ಲಿಲ್ಲ. ಆದ್ರೂ ಕಡದೆ.

ಹೊಸ ಫೋಟೋ ತೆಗಿಸ್ರಿ ಅಂದಿ ನೀನು. ಏನ್ ತೆಗಿಸ್ಲಿ? ಈಗ ಅಲ್ಲಿ ಹಸಿ ಮಣ್ಣು. ನಿನ್ನೆ ಮೊನ್ನೆ ಯಾರನ್ನೋ ಇಟ್ಟಂಗ ಕಾಣ್ತದ.

ಇದರಾಗ ಅಷ್ಟ ಉಳದಾನ. ಈ ಪರದ್ಯಾಗ.

ಫೋನ್ ಪಾಲಪ್ಪಂದ. ನಾಲ್ಕಾತು ಅನ್ಸತದ. ಬಡಕೊಳ್ಳಲಿ ಬಿಡು.

ಏನ್ ಮಾಡಾಕತ್ತಿ? ಪೂರಾ ತೆಗದ್ಯಾ ಅಕ್ಷರ. ಪಟ್ಟಿನೂ ತೆಗದಿ.

ಹೂಂ.

ಸ್ವಲ್ಪ ಆ ಕಡಿ ಸರಿ ಯವ್ವಾ. ನಂಗೂ ಕಾಣ್ಲಿ.