‘ಸೆಟ್’ ಪದದ ನಾನೂರ ಹನ್ನೆರಡು ಕಾರ್ಡುಗಳು

ಶಬ್ದಕೋಶ ಕಚೇರಿಯಲ್ಲಿ ಎಲ್ಲರೂ ಕಾರ್ಡಕ್ಕ ಎಂದು ಕರೆಯುವ ನಾನು, ವಯಸ್ಸು 57 ವರ್ಷ, ಕಸುಬು ಸದರಿ ಕಚೇರಿಯ ಕಾರ್ಡುಗಳ ಪಾಲಕಿ, ವಾಸ ಗ್ರಂಥಾಲಯದ ಹಿಂದಿನ ಬೀದಿಯ ಎರಡಂತಸ್ತಿನ ಮನೆಯ ಕೆಳಗಡೆ. ಈ ದಿನ ಮಂಗಳವಾರ ಬೆಳಿಗ್ಗೆ 11 ಗಂಟೆ 25 ನಿಮಿಷಕ್ಕೆ ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಅದೇ ಮನೆಯ ಮೇಲಂತಸ್ತಿನಲ್ಲಿರುವ ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಕಚೇರಿಯ ಸ್ವತ್ತನ್ನು ಕದ್ದಿದ್ದಾಳೆ. ಅವಳ ಮೇಲೆ ಕ್ರಮ ಕೈಗೊಳ್ಳಬೇಕು.

ನಮ್ಮ ಜನ ದಿನನಿತ್ಯ ಬಳಸುವ ಇಂಗ್ಲಿಷ್ ಪದಗಳನ್ನು, ಅವುಗಳಿಗೆ ನಮ್ಮ ಬಾಯಲ್ಲಿ ಬಂದಿರುವ ಅರ್ಥಗಳನ್ನು ನಮ್ಮ ಕಚೇರಿ ಕೂಡಿಸುತ್ತದೆ. ಒಂದು ಬಳಕೆಗೆ ಒಂದು ಕಾರ್ಡು. ಅದರಲ್ಲಿ ಕಿವಿಯಾರೆ ಕೇಳಿದ ವಾಕ್ಯ, ಆಡಿದವರು ಯಾರು, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂದು ಬರೆಯಬೇಕು. ತಲೆಯಿಂದ ಕಟ್ಟಿದ ವಾಕ್ಯಕ್ಕೆ ಜಾಗವಿಲ್ಲ. ಕಾರ್ಡಿಲ್ಲದ ವಾಕ್ಯ ಅಚ್ಚಾಗುವುದಿಲ್ಲ. ಡ್ರಾಯರಿನಿಂದ ಕಾರ್ಡು ತೆಗೆದವರು ಅದರ ಜಾಗದಲ್ಲಿ ಒಂದು ಕೆಂಪು ಕಾರ್ಡು ಇಟ್ಟು, ಯಾರು, ಯಾವಾಗ, ಯಾಕೆ ತೆಗೆದರು ಎಂದು ಬರೆದು ರುಜು ಹಾಕಬೇಕು.

ನನ್ನ ಪಾಲಿಗೆ ಬಂದದ್ದು ‘ಸೆಟ್’ ಎಂಬ ಪದ. ನೋಡಲು ಬೆರಳುದ್ದವಿಲ್ಲ, ನನ್ನ ಹನ್ನೊಂದು ವರ್ಷ ತಿಂದಿದೆ. ಇಪ್ಪತ್ಮೂರು ಅರ್ಥ, ನಾನೂರ ಹನ್ನೆರಡು ಕಾರ್ಡು. ಕ್ಷೌರಿಕನು ಮೀಸೆ ಸೆಟ್ ಮಾಡ್ಲಾ ಎಂದದ್ದು, ಗಾರೆಯವನು ಇನ್ನೂ ಸೆಟ್ ಆಗಿಲ್ಲ ಕಾಲಿಡಬೇಡಿ ಎಂದದ್ದು, ಹಲ್ಲಿನ ಡಾಕ್ಟರು ಮೇಲಿನ ಸೆಟ್ ಈಗ ತಗೊಳ್ಳಿ, ಕೆಳಗಿನದು ನಾಳೆ ಎಂದದ್ದು, ನಾಟಕದವರು ಸೆಟ್ಟು ಮೈಮೇಲೆ ಬಿತ್ತು ಎಂದು ಓಡಿದ್ದು, ಎಲ್ಲವೂ ಅಲ್ಲಿವೆ. ಹದಿನೇಳನೆಯ ಅರ್ಥ ಇಬ್ಬರಿಗೆ ಹೊಂದಿಕೆಯಾಗುವುದು ಎಂದು. ಈ ಅರ್ಥಕ್ಕೆ ಅತಿ ಹೆಚ್ಚು ಕಾರ್ಡು ಒದಗಿಸಿದವಳು ಆರೋಪಿಯೇ. ನನಗೂ ನಿನಗೂ ಸೆಟ್ ಆಗಲ್ಲ ಎಂದು ಇಪ್ಪತ್ತಾರು ವರ್ಷಗಳಲ್ಲಿ ಅವಳು ಹೇಳಿದ್ದಕ್ಕೆ ಲೆಕ್ಕವಿಲ್ಲ. ಕಾರ್ಡಿಗೆ ಏರಿದ್ದು ಹತ್ತೊಂಬತ್ತು ಸಲ ಮಾತ್ರ.

ಅವಳು ನಮ್ಮ ಕಚೇರಿಯಲ್ಲೇ ಕರಡು ತಿದ್ದುತ್ತಾಳೆ. ಹದಿನೆಂಟು ವರ್ಷದ ಹಿಂದೆ ಅವಳನ್ನು ಈ ಕೆಲಸಕ್ಕೆ ಸೇರಿಸಿದವಳು ನಾನೇ ಆದ್ದರಿಂದ ಈ ವಿಷಯದಲ್ಲಿ ಬೇರೆ ಯಾರನ್ನೂ ದೂರುವಂತಿಲ್ಲ. ಅವಳ ಮೇಜು ನನ್ನ ಮೇಜಿನಿಂದ ಒಂಬತ್ತು ಅಡಿ ದೂರದಲ್ಲಿದೆ. ಬೆನ್ನು ನನ್ನ ಕಡೆ, ಮುಖ ಗೋಡೆಯ ಕಡೆ. ಮುಖವನ್ನು ಆ ಕಡೆ ತಿರುಗಿಸಿಕೊಂಡದ್ದು ಅವಳೇ.

ನಿನ್ನೆ ಸೋಮವಾರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ ‘ಸೆಟ್’ ಪದದ ಕರಡು ಅವಳ ಮೇಜಿಗೆ ಹೋಯಿತು. ಹದಿನೆಂಟನೆಯ ಅರ್ಥ ಮದುವೆಯ ಮಾತು ಕುದುರುವುದು ಎಂದು. ಅದರ ಉದಾಹರಣೆಯ ವಾಕ್ಯವನ್ನು ನಮ್ಮ ಸಂಪಾದಕರು ಕಳೆದ ವಾರ ತಮ್ಮ ಕೋಣೆಯಲ್ಲಿ ನನ್ನೆದುರು ಎರಡು ಸಲ ಗಟ್ಟಿಯಾಗಿ ಓದಿ, ಇಡೀ ಸಂಪುಟದಲ್ಲಿ ಇದಕ್ಕಿಂತ ಜೀವವಿರುವ ವಾಕ್ಯ ಇನ್ನೊಂದಿಲ್ಲ, ಪದದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರಲಿ ಎಂದಿದ್ದರು. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು. 3 ಗಂಟೆ 40ಕ್ಕೆ ಆರೋಪಿಯು ಪೆನ್ಸಿಲ್ ಕೆಳಗಿಟ್ಟಳು. ಹತ್ತು ನಿಮಿಷ ಗೋಡೆ ನೋಡಿದಳು. ಏನಾಯಿತು ಎಂದು ನಾನು ಕೇಳಲಿಲ್ಲ. ಸಂಜೆ 4 ಗಂಟೆ 45ಕ್ಕೆ ನಾನು ಚಹಾಕ್ಕೆ ಹೋಗಿ 5 ಗಂಟೆಗೆ ಬಂದಾಗ ಅವಳ ಕುರ್ಚಿ ಖಾಲಿಯಿತ್ತು.

ಈ ದಿನ ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ಡ್ರಾಯರು ಎಳೆದಾಗ ಅದು ಹಗುರವಾಗಿ ಕೈಗೇ ಬಂತು. ಒಳಗೆ ಒಂದೇ ಒಂದು ಕೆಂಪು ಕಾರ್ಡಿತ್ತು. ತೆಗೆದದ್ದು: 412. ಸಮಯ: ಸಂಜೆ 4.50. ಕಾರಣ: ಮನೆಯ ಮಾತು, ಮನೆಗೆ. ಕೆಳಗೆ ಆರೋಪಿಯ ರುಜು. ಇದನ್ನು ಓದಿದ ಠಾಣಾಧಿಕಾರಿಗಳಾದ ತಾವು ನಕ್ಕಿರಿ. ಕದಿಯುವವರು ರಸೀದಿ ಇಟ್ಟು ಹೋಗುತ್ತಾರೆಯೇ ಎಂದು ಕೇಳಿದಿರಿ. ನಮ್ಮ ಕಚೇರಿಯಲ್ಲಿ ಇಡುತ್ತಾರೆ. ಹದಿನೆಂಟು ವರ್ಷ ಮಾಡಿದ ಕೈ, ಕಳ್ಳತನಕ್ಕೆ ಹೋದರೂ ಅಭ್ಯಾಸ ಬಿಡುವುದಿಲ್ಲ.

ಸಂಪಾದಕರಿಗೆ ತಿಳಿಸಲಾಗಿ, ನಿಮ್ಮ ಮನೆಯ ಜಗಳ ನಿಮ್ಮ ಮನೆಯಲ್ಲೇ ಇರಲಿ, ಶುಕ್ರವಾರ ಸಂಪುಟ ಅಚ್ಚಿಗೆ ಹೋಗಬೇಕು, ಕಾರ್ಡು ಬಾರದಿದ್ದರೆ ‘ಸೆಟ್’ ಅನ್ನು ಮೂರು ಸಾಲಿಗೆ ಇಳಿಸುತ್ತೇನೆ ಎಂದರು. ಹನ್ನೊಂದು ವರ್ಷಕ್ಕೆ ಮೂರು ಸಾಲು.

10 ಗಂಟೆ 40ಕ್ಕೆ ಮನೆ ತಲುಪಿ ಹದಿನಾಲ್ಕು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಆರೋಪಿಯು ನೆಲದ ಮೇಲೆ ಕುಳಿತು ಕಾರ್ಡುಗಳನ್ನು ಅರ್ಥವಾರು ಗುಂಪು ಮಾಡಿ ದಾರ ಕಟ್ಟುತ್ತಿದ್ದಳು. ಒಂದು ಗುಂಪು ಬೇರೆ ಇತ್ತು. ಮುಂದಿನ ಮಾತನ್ನು ಇಂಥವರು ಹೀಗೆಂದರು ಎಂದು ಸುತ್ತಿ ಬರೆಯುವುದು ರೂಢಿ ಎಂದು ತಮ್ಮ ಬರಹಗಾರರು ಹೇಳಿದರು. ಆಡಿದ ಮಾತನ್ನು ಆಡಿದಂತೆಯೇ ಬರೆಯುವುದು ನನ್ನ ಕಸುಬು, ಹಾಗೆಯೇ ಬರೆಯತಕ್ಕದ್ದು ಎಂದು ನಾನು ಹಟ ಹಿಡಿದೆನು.

ಅವಳು ಹೇಳಿದ್ದು: “ಅರವತ್ಮೂರು ನನ್ನವು ಅಕ್ಕಾ. ಎಣಿಸ್ದೆ. ಇಷ್ಟು ವರ್ಷ ನಿನ್ನ ಹತ್ರ ಮಾತಾಡ್ತಿದ್ದೀನಿ ಅನ್ಕೊಂಡಿದ್ದೆ. ನೀನು ಬರ್ಕೊಳ್ತಿದ್ದೆ.”

ಪುಸ್ತಕದಲ್ಲಿ ಹೆಸರು ಬರುವುದಿಲ್ಲ, ಓರಗಿತ್ತಿ ಎಂಬುದಕ್ಕೆ ‘ಓ’ ಎಂಬ ಒಂದಕ್ಷರ ಮಾತ್ರ ಬರುತ್ತದೆ ಎಂದೆನು.

“ಆ ‘ಓ’ ಯಾರು ಅಂತ ಆಫೀಸಲ್ಲಿ ಯಾರಿಗೆ ಗೊತ್ತಿಲ್ಲ ಹೇಳು? ಬೈದಿದ್ದೆಲ್ಲಾ ಹಾಕ್ಕೋ, ನಂಗೇನು. ನನ್ನ ಮಗಳ ಸಂಬಂಧ ಮುರಿದ ದಿನ ನಾನು ಅತ್ಕೊಂಡು ಆಡಿದ ಮಾತು ದಪ್ಪಕ್ಷರದಲ್ಲಿ ಬರತ್ತಾ? ನಾಳೆ ಪುಸ್ತಕ ಬಂದ್ರೆ ಅವಳು ಮೊದಲು ತೆಗೆಯೋದೇ ನಿನ್ನ ಪುಟ. ನಮ್ಮ ದೊಡ್ಡಮ್ಮನ ಪದ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗ್ತಾಳೆ, ಹುಚ್ಚು ಮುಂಡೇದು.”

ನಾನು ಕಾರ್ಡು ಕೊಡು ಎಂದೆನು. ಅವಳು ನಾನೂರ ಹನ್ನೊಂದನ್ನು ನನ್ನ ಮುಂದಕ್ಕೆ ತಳ್ಳಿ, ಒಂದನ್ನು ಮುಷ್ಟಿಯಲ್ಲಿ ಹಿಡಿದಳು. ನಾನು ಅವಳ ಮಣಿಕಟ್ಟು ತಿರುಚಿದೆ. ಅವಳು ತಳ್ಳಿದಳು. ನನ್ನ ಕನ್ನಡಕ ಬಿದ್ದು ಎಡಗಡೆಯ ಗಾಜು ಬಿರುಕು ಬಿಟ್ಟಿದೆ, ತಮ್ಮ ಮೇಜಿನ ಮೇಲಿದೆ. ನಾಚಿಕೆ ಮಾನ ಬಿಟ್ಟವಳು ಎಂದು ನಾನು ಬೈದೆನು. ಅವಳು “ಇದನ್ನೂ ಬರ್ಕೋ” ಎಂದಳು. ಆ ಒಂದು ಅವಳ ಮುಷ್ಟಿಯಲ್ಲೇ ಉಳಿಯಿತು, ನಾನೂರ ಹನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಂದ ನೇರ ಠಾಣೆಗೆ ಬಂದೆನು.

ಇಷ್ಟು ಬರೆಯಿಸುವಷ್ಟರಲ್ಲಿ ಗೋಡೆಯ ಪಕ್ಕದ ಪೆಟ್ಟಿಗೆ ಗೊರಗೊರ ಎಂದಿತು. ಬಾಗಿಲ ಬಳಿಯಿದ್ದ ಪೇದೆಯು, “ಆ ಸೆಟ್ ಬಾಯಿ ಮುಚ್ಸ್ರೀ, ಹೆಂಡತಿ ಹಂಗೆ ಬಡ್ಕೊಳತ್ತೆ” ಎಂದನು. ವೈರ್‌ಲೆಸ್ಸಿಗೆ ಬರೀ ಸೆಟ್ ಎನ್ನುವುದು ನನ್ನ ಡ್ರಾಯರಿನಲ್ಲಿ ಇಲ್ಲ. ಇಪ್ಪತ್ನಾಲ್ಕನೆಯ ಅರ್ಥ. ನಾನು ಕೂಡಲೇ ಚೀಲದಿಂದ ಖಾಲಿ ಕಾರ್ಡು ತೆಗೆದು ವಾಕ್ಯ ಬರೆದು, 12 ಗಂಟೆ 5 ನಿಮಿಷ ಎಂದು ಹಾಕಿ, ತಮ್ಮ ಹೆಸರೇನಪ್ಪ ಎಂದು ಕೇಳಿದೆನು. ಪೇದೆಯ ಮುಖ ಇಳಿಯಿತು. “ಬೇಡ ಮೇಡಂ. ಏನೋ ಬಾಯಿಗೆ ಬಂತು, ಅಂದೆ. ಮನೇಲಿ ಓದಿದ್ರೆ ಬೇಜಾರು ಮಾಡ್ಕೊಳ್ತಾಳೆ” ಎಂದನು. ಅವನು ಅಂಗಿಯ ಮೇಲಿನ ಹೆಸರಿನ ಪಟ್ಟಿಯನ್ನು ಕೈಯಿಂದ ಮುಚ್ಚಿಕೊಂಡಿದ್ದನು. ನಾನು ಕಾರ್ಡನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ನಂತರ ಅವನ ಕೈಗೇ ಕೊಟ್ಟೆನು.

ಆ ಬಳಿಕ ತಾವು, ಕಳುವಾದ ಕಾರ್ಡಿನ ವಿವರ ದೂರಿನಲ್ಲಿ ಇರಲೇಬೇಕು, ಬರೆಸಿ ಎಂದಿರಿ. ಸದರಿ ಕಾರ್ಡು ಆರು ವರ್ಷದ ಹಿಂದೆ, 14ನೇ ತಾರೀಕು, ಮಧ್ಯಾಹ್ನ 2 ಗಂಟೆ 30ಕ್ಕೆ ನಮ್ಮ ಮನೆಯ ಏಳನೆಯ ಮೆಟ್ಟಿಲಿನ ಮೇಲೆ ಬರೆದದ್ದು. ಹುಡುಗನ ಕಡೆಯವರು ಬೇಡ ಎಂದು ಹೇಳಿಕಳುಹಿಸಿ ಅರ್ಧ ಗಂಟೆಯಾಗಿತ್ತು. ಹುಡುಗಿ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಕುಳಿತಿದ್ದಳು. ಅಳು ಹೊರಗೆ ಕೇಳದಿರಲಿ ಎಂದು. ಆರೋಪಿಯು ನನ್ನ ಭುಜಕ್ಕೆ ತಲೆಯಿಟ್ಟು ಆ ಮಾತನ್ನು ಆಡಿದಳು. ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಅವಳು ಹಾಗೆ ತಲೆಯಿಟ್ಟದ್ದಿಲ್ಲ. ನನ್ನ ಬಲಗೈ ಅವಳ ಬೆನ್ನು ಸವರುತ್ತಿತ್ತು. ನಾನು ಎಡಗೈಯಲ್ಲಿ ಬರೆಯುತ್ತೇನೆ.

ಕಾರ್ಡಿನಲ್ಲಿದ್ದ ವಾಕ್ಯ ಯಾವುದು ಎಂದು ತಾವು ಮತ್ತೆ ಕೇಳಲಾಗಿ, ನೆನಪಿಲ್ಲ ಎಂದು ತಿಳಿಸುತ್ತೇನೆ. ನಾನೂರ ಹನ್ನೊಂದು ಬಾಯಿಪಾಠ ಇದ್ದು ಅದೊಂದು ಮಾತ್ರ ಹೇಗೆ ಮರೆಯುತ್ತದೆ ಎಂದು ಕೇಳಿದಿರಿ. ಮರೆತಿದೆ. ಹಾಗಾದರೆ ದೂರು ನಿಲ್ಲುವುದಿಲ್ಲ ಎಂದಿರಿ. ನಿಲ್ಲದಿದ್ದರೆ ಮಲಗಲಿ ಎಂದೆನು. ಹದಿನೆಂಟನೆಯ ಅರ್ಥಕ್ಕೆ ಮದುವೆ ದಲ್ಲಾಳಿಯೊಬ್ಬ ಆಡಿದ ಸಪ್ಪೆ ವಾಕ್ಯವಿದೆ, ಸಂಪಾದಕರು ಅದನ್ನೇ ಹಾಕಿಕೊಳ್ಳಲಿ. ಉಳಿದ ಅರವತ್ತೆರಡನ್ನು ಅವಳನ್ನೇ ಕೇಳಿ ಹಾಕುತ್ತೇನೆ, ಇಲ್ಲವೇ ಬಿಡುತ್ತೇನೆ.

ಇದರಿಂದ ನಾನು ಆರೋಪಿಯೊಂದಿಗೆ ರಾಜಿಯಾದೆನೆಂದು ಯಾರೂ ತಿಳಿಯಬಾರದು. ಕನ್ನಡಕದ ಗಾಜನ್ನು ಅವಳೇ ಹಾಕಿಸಿಕೊಡಬೇಕು. ನನಗೂ ಅವಳಿಗೂ ಸೆಟ್ ಆಗುವುದಿಲ್ಲ, ಇದನ್ನು ಬೇಕಾದರೆ ನನ್ನ ಹೆಸರಿನಲ್ಲೇ ಬರೆದುಕೊಳ್ಳಿ.

ಈ ಹೇಳಿಕೆಯನ್ನು ನನ್ನೆದುರು ಓದಿದ್ದನ್ನು ಪೂರಾ ಕೇಳಿದ್ದೇನೆ. ಯಾರ ಒತ್ತಾಯವೂ ಇಲ್ಲದೆ ನುಡಿದಿದ್ದೇನೆ. ನೆನಪಿಲ್ಲ ಎಂಬ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ನಿಜ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 11, ಮಂಗಳವಾರ, ಮಧ್ಯಾಹ್ನ 12.50
ರುಜು: ಕಾರ್ಡಕ್ಕ, ಎಡಗೈಯಿಂದ