ನಮ್ಮನೆ ಗೊಂಬೆ ನೋಡೋಕೆ ಬಂದ ದೆವ್ವಗಳು

...ಅದಕ್ಕೇ ಹೇಳೋದು, ಮೊದ್ಲು ಒಗಟು ಬಿಡಿಸಿ, ಆಮೇಲೆ ಕಥೆ. ಕಣ್ಣಲ್ಲಿ ನೀರಿಲ್ಲ, ಬಾಯಲ್ಲಿ ಸದ್ದಿಲ್ಲ, ಆದ್ರೂ ಒಬ್ಬರು ಒಂಬತ್ತು ದಿನ ಅತ್ರು. ಅತ್ತಿದ್ದು ಬಟ್ಟಲು ಬಟ್ಟಲು ತುಂಬ್ತು. ನಾವು ಅದನ್ನ ಚಮಚ ಹಾಕ್ಕೊಂಡು ತಿಂದ್ವಿ. ಏನದು? ಗಿರಿ, ಈರುಳ್ಳಿ ಅಂದ್ಯಾ? ಈರುಳ್ಳಿ ಅಳಿಸತ್ತೆ ಕಣೋ, ತಾನು ಅಳಲ್ಲ. ಸುಮಿ ಐಸ್‌ಕ್ರೀಮ್ ಅಂತಿದಾಳೆ, ಅವಳಿಗೆ ಏನು ಕೇಳಿದ್ರೂ ಐಸ್‌ಕ್ರೀಮೇ. ಬಿಡಿ, ನಿಮಗೆ ಬರಲ್ಲ, ತಾತ ಹೇಳ್ತಾನೆ. ನಗಬೇಡ್ರೋ. ನಂಗೆ ಹದಿನೇಳೇ ಇರಬಹುದು, ಮೀಸೆ ಅಂತ ನಾಲ್ಕು ಕೂದಲು ಬಂದಿರಬಹುದು, ಒಂದೇ ಕ್ಲಾಸಲ್ಲಿ ಎರಡು ವರ್ಷ ಕೂತು ಬೆಂಚು ಸವೆಸಿರಬಹುದು. ಆದ್ರೆ ಈ ಬೇಸ್‌ಮೆಂಟಲ್ಲಿ ಕೂತಿರೋರಲ್ಲಿ ನಾನೇ ದೊಡ್ಡೋನು, ಅದಕ್ಕೇ ಇವತ್ತು ನಾನೇ ತಾತ. ತಾತನ ಕಷ್ಟದ ಕಾಲ ಕೇಳಿ. ಈಗ ಮೇಲೆ ನಮ್ಮಮ್ಮನ ಗೊಂಬೆ ನೋಡೋಕೆ ಶಿಕಾಗೋ ಪಕ್ಕದ ಈ ಸ್ಕೋಕಿ ಊರಿನ ನಮ್ಮ ಜನ ಎಲ್ಲ ಸೇರಿದಾರೆ, ಬಾಗಿಲಲ್ಲಿ ಷೂ ರಾಶಿ ದಾಟೋಕಾಗಲ್ಲ, ಅಲ್ವಾ? ನಾವು ಈ ದೇಶಕ್ಕೆ ಬಂದ ವರ್ಷ ಒಂದೇ ಒಂದು ಷೂ ಇರ್ಲಿಲ್ಲ.

ಆಗ ನಾವು ಕಾರು ಕಾರ್ಖಾನೆಗಳ ಊರು ಡಿಯರ್‌ಬಾರ್ನ್‌ನಲ್ಲಿದ್ವಿ. ಮೈಸೂರಿಂದ ಬಂದು ಇನ್ನೂ ಒಂದು ಚಳಿಗಾಲಾನೂ ನೋಡಿರ್ಲಿಲ್ಲ. ಅಪ್ಪನಿಗೆ ಕಾರಿನ ಬಿಡಿಭಾಗ ಮಾಡೋ ಒಂದು ಸಣ್ಣ ಕಂಪನೀಲಿ ಕೆಲಸ. ಅಲ್ಲಿ ಯಾರನ್ನ ಯಾವಾಗ ಮನೆಗೆ ಕಳಿಸ್ತಾರೋ ಗೊತ್ತಿಲ್ಲ, ಅದಕ್ಕೇ ಅಪ್ಪ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋರು, ಶನಿವಾರಾನೂ ಹೋಗೋರು. ಅಮ್ಮನಿಗೆ ಡ್ರೈವ್ ಮಾಡೋಕೆ ಬರಲ್ಲ, ಇಂಗ್ಲಿಷಲ್ಲಿ ಬರೋದು ‘ಯೆಸ್’, ‘ನೋ’, ‘ಪ್ಲೀಸ್ ಕಮ್’. ನನ್ನ ಇಂಗ್ಲಿಷು ಅದಕ್ಕಿಂತ ಎರಡು ಮಾತು ಜಾಸ್ತಿ, ಆ ಎರಡೂ ಅಮ್ಮನ ಮುಂದೆ ಹೇಳೋ ಹಾಗಿಲ್ಲ. ಸ್ಕೂಲಲ್ಲಿ ಮೇಷ್ಟ್ರು ಹೇಳಿದ್ದು ಅರ್ಥ ಆಗ್ತಿರ್ಲಿಲ್ಲ, ಹುಡುಗರು ನಕ್ಕಿದ್ದು ಮಾತ್ರ ಅರ್ಥ ಆಗ್ತಿತ್ತು. ಮಾತು ಬರ್ದೇ ಇದ್ದೋನು ಏನು ಮಾಡ್ತಾನೆ? ಮುಖ ನೋಡ್ತಾನೆ. ಯಾರ ಹುಬ್ಬು ಎಲ್ಲಿಗೆ ಹೋಯ್ತು, ಯಾರು ನಗೋ ಮುಂಚೆ ಯಾರನ್ನ ನೋಡ್ತಾರೆ, ಎಲ್ಲಾ ಓದ್ಕೊಂಡುಬಿಟ್ಟೆ. ಪುಸ್ತಕ ಓದ್ಲಿಲ್ಲ, ಮುಖ ಓದಿದೆ. ಆಮೇಲೆ ಶುರು ಮಾಡಿದೆ ನೋಡಿ ಚೇಷ್ಟೆ! ಚೇಷ್ಟೆ ಅಂದ್ರೆ ಸುಮ್ನೆ ಅಲ್ಲ. ಎದುರಿಗಿರೋನ ತಲೆ ಒಳಗೆ ಏನಿದೆ, ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಇಷ್ಟು ತಿಳಿದಿದ್ರೇನೇ ಅವನ ಕುರ್ಚಿ ಮೇಲೆ ಒದ್ದೆ ಸ್ಪಂಜ್ ಇಡೋಕಾಗೋದು.

ಇದು ನಮ್ಮ ಪುಟ್ಟಿಗೆ ಬರ್ತಿರ್ಲಿಲ್ಲ. ಹೂಂ, ಇದೇ ಪುಟ್ಟಿ, ಈಗ ಮೇಲೆ ಲಂಗ ಹಾಕ್ಕೊಂಡು ದೊಡ್ಡ ಹೆಂಗಸಿನ ಥರ ಓಡಾಡ್ತಿದಾಳಲ್ಲ ಅವಳೇ. ಆಗ ನಾಲ್ಕು ವರ್ಷ. ಕಣ್ಣಾಮುಚ್ಚಾಲೆ ಆಡೋಣ ಅಂದ್ರೆ ಹಾಲ್ ಮಧ್ಯದಲ್ಲಿ ನಿಂತು ಎರಡೂ ಕೈಲಿ ತನ್ನ ಕಣ್ಣು ಮುಚ್ಕೊಂಡು ‘ಅಣ್ಣಾ, ಎಲ್ಲಿದೀನಿ ಹೇಳು!’ ಅನ್ನೋಳು. ತನಗೆ ಕಾಣ್ಲಿಲ್ಲ ಅಂದ್ರೆ ಯಾರಿಗೂ ಕಾಣಲ್ಲ, ಅಷ್ಟೇ ಲೆಕ್ಕ. ಇವಳನ್ನ ನೆನಪಲ್ಲಿಟ್ಕೊಳ್ಳಿ, ಕಥೆ ಕೆಡಿಸೋಳು ಇವಳೇ.

ಎಲ್ಲಿದ್ದೆ? ಹಾಂ, ಗೊಂಬೆ. ನವರಾತ್ರಿ ಬಂತು. ಅಮ್ಮ ಮೈಸೂರಿಂದ ಸೀರೆಯೊಳಗೆ ಸುತ್ಕೊಂಡು ಪಟ್ಟದ ರಾಜ ರಾಣೀನ ತಂದಿದ್ಲು. ವಿಮಾನದಲ್ಲಿ ರಾಜನ ಮೂಗು ಮುರಿದಿತ್ತು, ಅದು ಬೇರೆ ವಿಷಯ. ರಟ್ಟಿನ ಡಬ್ಬ, ಅಪ್ಪನ ದಪ್ಪ ದಪ್ಪ ಪುಸ್ತಕ, ಎಲ್ಲಾ ಜೋಡಿಸಿ ಮೆಟ್ಟಿಲು ಮಾಡಿ ಮೇಲೆ ಅಪ್ಪನ ಪಂಚೆ ಹಾಸಿದ್ಲು. ಮೇಲೆ ರಾಜ ರಾಣಿ, ಕೆಳಗೆ ಶೆಟ್ಟಿ ದಂಪತಿ, ಅದರ ಕೆಳಗೆ ಪುಟ್ಟಿಯ ಪ್ಲಾಸ್ಟಿಕ್ ಬಾತುಕೋಳಿ. ಮೈಸೂರಲ್ಲಿ ಆಗಿದ್ರೆ ಬೀದಿ ಮಕ್ಕಳೆಲ್ಲ ಗುಂಪಾಗಿ ಬಂದು ‘ಗೊಂಬೆ ಕೂರ್ಸಿದೀರಾ?’ ಅಂತ ಕೇಳೋದು, ಒಳಗೆ ಬಂದು ಒಂದು ಹಾಡು ಹೇಳೋದು, ಕೈತುಂಬ ಚರ್ಪು ಅಂತ ತಿಂಡಿ ಇಸ್ಕೊಂಡು ಮುಂದಿನ ಮನೆಗೆ ಓಡೋದು. ಅಮ್ಮ ಅಲ್ಲಿನ ಅರಬ್ಬರ ಅಂಗಡಿಯಿಂದ ಕಡ್ಲೆ ಕಾಳು ತರಿಸಿ ಉಸ್ಲಿ ಮಾಡಿ, ರೇಷ್ಮೆ ಸೀರೆ ಉಟ್ಕೊಂಡು ಕಿಟಕಿ ಹತ್ರ ಕೂತ್ಲು. ಯಾರು ಬರ್ತಾರೆ? ಅಲ್ಲಿ ನಮ್ಮವರು ಅಂತ ಒಬ್ರೂ ಇಲ್ಲ. ಪಾಟೀಲ್ ಅಂಕಲ್ ಮನೆಯೋರು ಗೊತ್ತಿದ್ರು, ಆದ್ರೆ ಅವರು ಇಲ್ಲಿ ಶಿಕಾಗೋದಲ್ಲಿ, ಮುನ್ನೂರು ಮೈಲಿ. ಕತ್ತಲಾದ್ಮೇಲೆ ಅಮ್ಮ ಎದ್ದು ಬಂದು ಆ ಉಸ್ಲೀನ ನಮ್ಮ ಬಟ್ಟಲಿಗೆ ಸುರಿಯೋಳು. ‘ತಿನ್ನಿ, ಇವತ್ತು ಜಾಸ್ತಿ ಮಾಡ್ಬಿಟ್ಟೆ.’ ಮಾರನೇ ದಿನಾನೂ ಅದೇ: ‘ಜಾಸ್ತಿ ಮಾಡ್ಬಿಟ್ಟೆ ಕಣೋ ನಾಣಿ, ತಿನ್ನು.’ ಅಪ್ಪ ತಿಂದು ‘ಚೆನ್ನಾಗಿದೆ’ ಅಂದ್ರು. ಪುಟ್ಟಿ ತಿಂದು ‘ಇನ್ನೂ’ ಅಂದ್ಲು. ನಾನೂ ತಿಂದೆ. ಒಂಬತ್ತನೇ ದಿನ ಚಮಚ ಬಾಯಲ್ಲಿಟ್ಕೊಂಡವನಿಗೆ ತಟ್ಟಂತ ಹೊಳೀತು. ಅಳತೆ ತಪ್ಪೋ ಕೈ ಅಲ್ಲ ನಮ್ಮಮ್ಮಂದು. ಜಾಸ್ತಿ ಮಾಡ್ಬಿಟ್ಟೆ ಅಲ್ಲ ಅದು, ಯಾರೂ ಬರ್ಲಿಲ್ಲ ಅಂತ. ಗೊತ್ತಾಯ್ತಾ ಗಿರಿ ಒಗಟು? ಸ್ಕೂಲಲ್ಲಿ ಊರೋರ ಮುಖ ಎಲ್ಲಾ ಓದಿದ ಜಾಣ, ಮನೇಲಿ ಬಟ್ಟಲು ಓದಿರ್ಲಿಲ್ಲ.

ವಿಜಯದಶಮಿ ರಾತ್ರಿ ಒಂದು ಗೊಂಬೆನಾದ್ರೂ ಮಲಗಿಸಬೇಕು, ಹಬ್ಬ ಮುಗೀತು ಅಂತ. ಅಮ್ಮ ಮಲಗಿಸ್ಲಿಲ್ಲ. ‘ನಾಳೆ ಎತ್ತಿಡ್ತೀನಿ’ ಅಂದ್ಲು. ನಾಳೆ, ನಾಡಿದ್ದು, ವಾರ ಆಯ್ತು, ರಾಜ ರಾಣಿ ನಿಂತೇ ಇದ್ರು. ಅಪ್ಪ ಒಂದು ಸಲ ‘ಲೇ, ನನ್ನ ಪುಸ್ತಕ ಬೇಕಾಗಿತ್ತು...’ ಅಂತ ಶುರು ಮಾಡಿ, ಅಮ್ಮನ ಬೆನ್ನು ನೋಡಿ ಪೇಪರ್ ತಗೊಂಡು ಕೂತ್ರು. ಯಾರಾದ್ರೂ ಒಬ್ರು ನೋಡೋವರೆಗೂ ಅವಳು ಆ ಗೊಂಬೆ ಎತ್ತಲ್ಲ, ಯಾರೂ ನೋಡ್ದೆ ಎತ್ತಿಟ್ರೆ ಮುಂದಿನ ವರ್ಷ ಆ ಪೆಟ್ಟಿಗೆ ತೆಗೆಯೋದೂ ಇಲ್ಲ. ಯಾರೂ ನಂಗೆ ಹೇಳ್ಲಿಲ್ಲ ಇದನ್ನ, ಆದ್ರೆ ಗೊತ್ತಾಯ್ತು. ಅದೇ ವಾರ ಸ್ಕೂಲಲ್ಲಿ ಕಿಟಕಿಗೆಲ್ಲ ಕಪ್ಪು ಬಾವಲಿ ಅಂಟಿಸ್ತಿದ್ರು. ಪಕ್ಕದ್ಮನೆ ಟಾಮಿ ಹೇಳಿದ, ಗುರುವಾರ ಸಂಜೆ ಹ್ಯಾಲೋವೀನ್, ಮಕ್ಕಳೆಲ್ಲ ವೇಷ ಹಾಕ್ಕೊಂಡು ಮನೆ ಮನೆಗೆ ಹೋಗ್ತೀವಿ, ಬೆಲ್ ಮಾಡ್ತೀವಿ, ಅವರು ತಿಂಡಿ ಕೊಡ್ತಾರೆ ಅಂತ. ನಂಗೆ ನಗು ತಡೆಯೋಕಾಗ್ಲಿಲ್ಲ. ಮೈಸೂರಿನ ಬೀದೀನೇ ಇಲ್ಲಿಗೆ ಬರ್ತಿದೆ, ದಾರಿ ತಪ್ಪಿ ಒಂದು ವಾರ ತಡವಾಗಿ!

ಮನೆಗೆ ಬಂದೋನೇ ಹೇಳಿದೆ: ‘ಅಮ್ಮಾ, ಇಲ್ಲೂ ಗೊಂಬೆ ನೋಡೋಕೆ ಮಕ್ಕಳು ಬರೋ ಪದ್ಧತಿ ಇದೆಯಂತೆ. ಗುರುವಾರ.’

‘ಹೋಗೋ, ನಿನ್ನ ಬುರುಡೆ.’

‘ನಿಜ ಅಮ್ಮಾ! ಇವರದು ಸ್ವಲ್ಪ ಲೇಟು. ವೇಷ ಹಾಕ್ಕೊಂಡು ಬರ್ತಾರೆ, ಅಷ್ಟೇ ವ್ಯತ್ಯಾಸ.’

ಅಮ್ಮ ನನ್ನ ಮುಖ ನೋಡಿದ್ಲು. ನಾನು ಚೇಷ್ಟೆ ಮಾಡೋವಾಗ ಇಟ್ಕೊಳ್ಳೋ ಸಾಧು ಮುಖ ಇಟ್ಕೊಂಡೆ. ಆಮೇಲೆ ಟಾಮಿ ಹತ್ರ ಹೋದೆ. ಅವನಿಗೆ ಬೇರೆ ಕಥೆ ಬೇಕಲ್ಲ! ‘ನಮ್ಮನೇಲಿ ಒಬ್ಬ ರಾಜ ಇದಾನೆ, ಮೂಗಿಲ್ಲ, ರೆಪ್ಪೆ ಮುಚ್ಚಲ್ಲ, ವಾರದಿಂದ ನಿದ್ದೆ ಮಾಡಿಲ್ಲ’ ಅಂತ ಅರ್ಧ ಇಂಗ್ಲಿಷು, ಅರ್ಧ ಕೈಬಾಯಿ. ‘ಮುಂದೆ ಕೂತು ಹಾಡದೇ ಹೋದೋರ ಮನೆಗೆ ಹುಡುಕ್ಕೊಂಡು ಬರ್ತಾನೆ.’ ಟಾಮಿ ಬಾಯಿ ತೆಗೆದ. ಬಾಯಿ ತೆಗೆದ ಟಾಮಿ ಅಂದ್ರೆ ಇಡೀ ಬೀದಿಗೆ ಡಂಗುರ ಅಂತ ನಂಗೆ ಗೊತ್ತು.

ಎಲ್ಲಾ ಸರಿಯಾಗಿತ್ತು. ಪುಟ್ಟೀಗೆ ಮಾತ್ರ ಹೇಳಬಾರದಿತ್ತು, ಹೇಳಿದೆ. ಬುಧವಾರ ಅಮ್ಮ ಅವಳಿಗೆ ಜಡೆ ಹಾಕ್ತಿದ್ಲು, ನಾನು ಅಲ್ಲೇ ನೆಲದ ಮೇಲೆ ಹೋಮ್‌ವರ್ಕ್ ಮಾಡೋ ಹಾಗೆ ನಟಿಸ್ತಿದ್ದೆ.

‘ಅಮ್ಮಾ, ಅವರು ಬರೋದು ಕ್ಯಾಂಡಿಗೆ, ಗೊಂಬೆಗಲ್ಲ ಅಂತ ನಿಂಗೆ ಹೇಳ್ಬಾರ್ದು ಅಂದಿದಾನೆ ಅಣ್ಣ. ಅದಕ್ಕೇ ನಾನು ಹೇಳಲ್ಲ.’

ನನ್ನ ಪೆನ್ಸಿಲ್ ಮುರೀತು. ಅಮ್ಮ ಜಡೆ ಕೊನೆಗೆ ರಿಬ್ಬನ್ ಕಟ್ತಾ, ‘ಹೂಂ. ಹೇಳ್ಬೇಡ, ಜಾಣೆ’ ಅಂದ್ಲು. ಅಷ್ಟೇ. ನಾನು ಕಳ್ಳನ ಥರ ಅವಳ ಮುಖ ನೋಡಿದೆ. ಏನೂ ಕಾಣ್ಲಿಲ್ಲ. ಅರ್ಥ ಆಯ್ತೋ, ಆಗ್ಲಿಲ್ವೋ, ಬೇಜಾರಾಯ್ತೋ, ಒಂದೂ ಗೊತ್ತಾಗ್ಲಿಲ್ಲ. ಊರಿಗೆಲ್ಲ ಟೋಪಿ ಹಾಕೋನು ನಾನು, ಆ ಒಂದು ಮುಖದ ಮುಂದೆ ಪೂರ್ತಿ ಫೇಲು. ಆದ್ರೆ ಸಂಜೆ ಅಡುಗೆಮನೆಗೆ ಹೋಗಿ ನೋಡಿದ್ರೆ, ದೊಡ್ಡ ಪಾತ್ರೇಲಿ ಕಡ್ಲೆ ಕಾಳು ನೆನೀತಿತ್ತು.

ಗುರುವಾರ ಅಮ್ಮ ಮತ್ತೆ ರೇಷ್ಮೆ ಸೀರೆ ಉಟ್ಲು. ದೀಪ ಹಚ್ಚಿದ್ಲು. ಕಿಟಕಿ ಹತ್ರ ಕೂತ್ಲು. ಬೀದೀಲಿ ಸದ್ದು ಕೇಳ್ತಿದೆ, ನಮ್ಮ ಬೆಲ್ ಮಾತ್ರ ಹೊಡೀತಿಲ್ಲ. ಟಾಮಿ ಹೆದರ್ಕೊಂಡ್ನಾ? ನಾನೇ ಜಾಸ್ತಿ ಹೆದರಿಸ್ಬಿಟ್ಟೆನಾ? ಇವತ್ತೂ ‘ಜಾಸ್ತಿ ಮಾಡ್ಬಿಟ್ಟೆ’ ಅಂತ ಬಟ್ಟಲು ತಂದ್ರೆ ನಾನು ಹೇಗೆ ತಿನ್ಲಿ? ಅಷ್ಟರಲ್ಲಿ ಟ್ರಿಂಗ್! ಬಾಗಿಲು ತೆಗೆದ್ರೆ ಟಾಮಿ, ಬಿಳೀ ಹಾಸಿಗೆ ಬಟ್ಟೆ ಹೊದ್ಕೊಂಡ ಅವನ ಅಕ್ಕ, ಒಬ್ಬಳು ಮಾಟಗಾತಿ, ಎರಡು ಅಸ್ಥಿಪಂಜರ, ಹಿಂದೆ ಕುಂಬಳಕಾಯಿ ವೇಷದಲ್ಲಿ ಟಾಮಿ ತಮ್ಮ, ನಮ್ಮ ಪುಟ್ಟಿಯಷ್ಟೇ ಇದಾನೆ. ಅಮ್ಮ ಎದ್ದು ಬಂದ್ಲು. ‘ಪ್ಲೀಸ್ ಕಮ್, ಪ್ಲೀಸ್ ಕಮ್, ಬನ್ನಿ, ಕೂತ್ಕೊಳಿ!’ ದೆವ್ವಗಳೆಲ್ಲ ಷೂ ಬಿಟ್ಟು ಸಾಲಾಗಿ ಚಾಪೆ ಮೇಲೆ ಕೂತವು. ಟಾಮಿ ಅಕ್ಕ ದೆವ್ವ ಆಗಿದ್ರೇನು, ಹೆಣ್ಣುಮಗಳು ತಾನೇ? ಅಮ್ಮ ಅವಳ ಬಿಳೀ ಬಟ್ಟೆ ಮೇಲೇ, ಹಣೆ ಎಲ್ಲಿರಬಹುದು ಅಂತ ಅಂದಾಜು ಮಾಡಿ, ಕುಂಕುಮ ಇಟ್ಲು! ಅಸ್ಥಿಪಂಜರಗಳು ಚೀಲ ತೆಗೆದು ಹಿಡಿದ್ರೆ ಕ್ಯಾಂಡಿ ಮೇಲೇ ಒಂದೊಂದು ಸೌಟು ಉಸ್ಲಿ. ರಾಜನ ಭಯಕ್ಕೆ ಎಲ್ಲರೂ ಗಂಟಲು ಕಿತ್ಕೊಳ್ಳೋ ಹಾಗೆ ಹಾಡಿದ್ರು.

ಆ ಕುಂಬಳಕಾಯಿ ಮಾತ್ರ ರಾಜನ ಮುರಿದ ಮೂಗು ನೋಡಿ ಹೋ ಅಂತ ಅಳೋಕೆ ಶುರು ಮಾಡ್ತು. ಆಗ ಪುಟ್ಟಿ ಏನು ಮಾಡಿದ್ಲು ಗೊತ್ತಾ? ಅವನ ಸ್ವಂತ ಅಕ್ಕ ಪಕ್ಕದಲ್ಲೇ ಇದಾಳೆ, ಅವಳನ್ನ ಕರೀಲಿಲ್ಲ. ಓಡಿ ಹೋಗಿ ನಮ್ಮಮ್ಮನ ಸೆರಗು ಹಿಡಿದು ಎಳ್ಕೊಂಡು ಬಂದು, ಆ ಸೆರಗಿನ ತುದೀನ ಅವನ ಕೈಗೆ ಕೊಟ್ಲು. ತಾನು ಅತ್ತಾಗ ತನಗೆ ಏನು ಬೇಕೋ ಅದನ್ನೇ. ಇವನಿಗೆ ಬೇರೆ ಅಮ್ಮ ಇದಾಳೆ ಅನ್ನೋದು ಆ ತಲೆಗೆ ಹೊಳೀಲೇ ಇಲ್ಲ. ಆದ್ರೆ ಅವನು ಹಿಡ್ಕೊಂಡ, ಅಳು ನಿಲ್ಲಿಸ್ದ. ಅಮ್ಮ ಅವನನ್ನ ಎತ್ಕೊಂಡು, ‘ಅಯ್ಯೋ, ನಿಂಗೂ ಹೊಸ ಜಾಗ ಅಲ್ವೇನೋ ಕಂದ’ ಅಂತ ಕನ್ನಡದಲ್ಲೇ ಮಾತಾಡ್ತಾ, ಒಂದೊಂದೇ ಗೊಂಬೆ ಹೆಸರು ಹೇಳಿದ್ಲು. ಅವನು ಒಂದೊಂದಕ್ಕೂ ತಲೆ ಆಡಿಸ್ದ. ಆಮೇಲೆ ಇನ್ನೊಂದು ಗುಂಪು ಬಂತು, ಮತ್ತೊಂದು. ಇಷ್ಟೇ ಇಷ್ಟು ಜಾಗ ಇದ್ದ ನಮ್ಮ ಬಾಗಿಲಲ್ಲಿ ಷೂ, ಬೂಟು, ಒಂದು ಮಾಟಗಾತಿ ಚಪ್ಪಲಿ. ಪಾತ್ರೆ ಖಾಲಿ. ನಮಗೆ ಒಂದು ಕಾಳೂ ಉಳೀಲಿಲ್ಲ, ನೋಡಿ.

ಎಲ್ಲಾ ಹೋದ್ಮೇಲೆ ಅಮ್ಮ ರಾಜ ರಾಣೀನ ಮಲಗಿಸಿದ್ಲು. ಆಮೇಲೆ ನನ್ನ ಕಡೆ ತಿರುಗಿ, ಕಪಾಟಿನ ಮೇಲಿಂದ ಒಂದು ದೊಡ್ಡ ಕ್ಯಾಂಡಿ ಚೀಲ ಇಳಿಸಿದ್ಲು. ‘ಉಸ್ಲಿ ಬೇಡ ಅಂದೋರಿಗೆ ಇರ್ಲಿ ಅಂತ ನಿಮ್ಮಪ್ಪನ ಕೈಲಿ ತರಿಸಿಟ್ಟಿದ್ದೆ ಕಣೋ. ಜಗತ್ತಿಗೆಲ್ಲ ನೀನೊಬ್ಬನೇ ಜಾಣನಾ?’

ಏನು ಗಿರಿ? ‘ನೋ ವೇ’ ಅಂತೀಯಾ? ನಿಮ್ಮಮ್ಮನ ಥರಾನೇ ಹುಬ್ಬು ಏರಿಸ್ತೀಯಲ್ಲೋ. ತಾಳು, ಮೇಲಿಂದ ಪಾಟೀಲ್ ಆಂಟಿ ಕೂಗ್ತಿದಾರೆ. ‘ಹುಡುಗ್ರಾ, ಕೆಳಗೇನ್ ಮಾಡಾಕತ್ತೀರಿ? ಮ್ಯಾಲೆ ಬರ್ರಿ, ಉಸಳಿ ಆರಾಕತ್ತೈತಿ!’ ಬಂದ್ವಿ ಆಂಟಿ! ನಡೀರಿ ಎಲ್ಲಾರೂ. ಸುಮಿ, ನಮ್ಮಮ್ಮ ಬಂದು ‘ಜಾಸ್ತಿ ಮಾಡ್ಬಿಟ್ಟೆ’ ಅಂದ್ರೆ ಹೊಟ್ಟೆ ತುಂಬಿದ್ರೂ ಬಟ್ಟಲು ಮುಂದೆ ಹಿಡಿ, ತಿಳೀತಾ? ಅಷ್ಟು ಗೊತ್ತಿದ್ರೆ ಸಾಕು, ಪರೀಕ್ಷೆ ಫೇಲ್ ಆದ್ರೂ ಪರವಾಗಿಲ್ಲ. ಮತ್ತೆ ಗಿರಿ, ಅಮ್ಮ ಕ್ಯಾಂಡಿ ಚೀಲ ಇಳಿಸಿದ್ದು, ಆ ಮಾತು ಅಂದಿದ್ದು, ಅಷ್ಟು ಮಾತ್ರ ನಾನು ಕಟ್ಟಿದ ಸುಳ್ಳು. ನಿಜವಾಗಿ ಅಮ್ಮ ಆವತ್ತು ಖಾಲಿ ಪಾತ್ರೆ ತೊಳೆದು ಬೋರಲು ಹಾಕಿ, ‘ಮುಂದಿನ ವರ್ಷ ಇನ್ನೊಂದು ಪಾವು ಜಾಸ್ತಿ ನೆನೆಸ್ಬೇಕು’ ಅಂದ್ಲು, ಅಷ್ಟೇ.